ಸುಬೇದಾರರನ್ನು ಕೇಳಿ: ಹಲಸೂರು ಕೆರೆ ದಂಡೆಯ ಪಲಟಣ

ಹೋದ ಸಂಚಿಕೆಯಲ್ಲಿ ನಾನು ರಂಗರೂಟಾಗಿದ್ದ, ಅಂದರೆ ಸೈನ್ಯಕ್ಕೆ ಹೊಸದಾಗಿ ಸೇರಿದ್ದ, ದಿನಗಳ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಈ ತಿಂಗಳ ಪತ್ರಗಳಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ಎಂಇಜಿ ಸೆಂಟರ್, ಅಂದರೆ ಸೈನ್ಯದ ಎಂಜಿನಿಯರ್ ಪಡೆಯ ತರಬೇತಿ ಕೇಂದ್ರದ ಮೇಲೆ ಬಂದಿವೆ. ಪಿಂಚಣಿ, ಕ್ಯಾಂಟೀನ್ ಕಾರ್ಡ್ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಪಿಂಚಣಿಯವರು ಬೇಜಾರು ಮಾಡ್ಕೋಬೇಡಿ, ನಾನೂ ನಿಮ್ಮ ಸಾಲಿನಲ್ಲೇ ನಿಂತವನು.

ಪ್ರಶ್ನೆ: ಎಂಇಜಿ ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಅಂತೆ. ಇರೋದು ಬೆಂಗಳೂರಿನಲ್ಲಿ, ಹೆಸರು ಮದ್ರಾಸಿನದು. ಇದೇನು ಕಥೆ? ಎಷ್ಟು ಹಳೆಯದು?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಉತ್ತರ ಹುಡುಕೋಕೆ ಮದ್ರಾಸಿಗೆ ಹೋಗೋದು ಬೇಡಮ್ಮ, ಶ್ರೀರಂಗಪಟ್ಟಣಕ್ಕೆ ಹೋದರೆ ಸಾಕು. ದರಿಯಾ ದೌಲತ್ ಗೋಡೆಯ ಮೇಲೆ ದೊಡ್ಡದೊಂದು ಯುದ್ಧದ ಚಿತ್ರ ಇದೆ, ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಕೆಂಪು ಕೋಟಿನ ಸಿಪಾಯಿಗಳು ಚೌಕವಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್. ಪಕ್ಕದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ಸುತ್ತಲೂ ಹೈದರ್ ಮತ್ತು ಟಿಪ್ಪುವಿನ ದಂಡು. ಅದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ನಡೆದ ಪೊಲ್ಲಿಲೂರು ಕಾಳಗ. ಪಲ್ಲಕ್ಕಿಯಲ್ಲಿರುವವನು ಕರ್ನಲ್ ಬೈಲಿ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಬೈಲಿ ಡಂಜನ್ ಅಂತ ಸೆರೆಮನೆ ತೋರಿಸುತ್ತಾರಲ್ಲ, ಅದೇ ಬೈಲಿ. (ಈ ಅಂಕಣದಲ್ಲಿ ಮುಂದೆ ಇನ್ನೊಬ್ಬ ಬೈಲಿ ಬರುತ್ತಾನೆ. ಇಬ್ಬರಿಗೂ ಸಂಬಂಧ ಇಲ್ಲ.)

ಈಸ್ಟ್ ಇಂಡಿಯಾ ಕಂಪನಿಗೆ ಅದು ಮೈ ನಡುಗಿಸಿದ ಸೋಲು. ಅದಾಗಿ ಇಪ್ಪತ್ತೇ ದಿನಕ್ಕೆ, ಸೆಪ್ಟೆಂಬರ್ 30ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಪಯನಿಯರ್‌ಗಳ ಎರಡು ತುಕಡಿ ಕಟ್ಟಿದರು. ಇವರ ಮುಖ್ಯ ಆಯುಧ ಬಂದೂಕಲ್ಲ. ಗುದ್ದಲಿ, ಹಾರೆ, ಕೊಡಲಿ. ದಂಡಿಗಿಂತ ಮುಂದೆ ಹೋಗಿ ಕಾಡು ಕಡಿದು ದಾರಿ ಮಾಡಬೇಕು. ಫಿರಂಗಿ ಗಾಡಿ ಕೆಸರಲ್ಲಿ ಹೂತರೆ ಎತ್ತಬೇಕು. ಕೋಟೆಗೆ ಮುತ್ತಿಗೆ ಹಾಕಿದರೆ ಗುಂಡಿನ ಮಳೆಯಲ್ಲಿ ಕೂತು ಮಣ್ಣು ತೋಡಬೇಕು. ಎಂಇಜಿಯ ಹುಟ್ಟುಹಬ್ಬ ಇವತ್ತಿಗೂ ಆ ಸೆಪ್ಟೆಂಬರ್ 30.

ಬೆಂಗಳೂರಿಗೆ ಬಂದದ್ದು ಆಮೇಲೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ದಂಡು ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಆದರೆ ಅಲ್ಲಿನ ಜ್ವರ ಅವರನ್ನು ನಿಲ್ಲೋಕೆ ಬಿಡಲಿಲ್ಲ. ಒಳ್ಳೆ ಹವೆ ಹುಡುಕಿಕೊಂಡು ಬೆಂಗಳೂರಿಗೆ ಬಂದರು. 1809ರಲ್ಲಿ ದಂಡು ಪ್ರದೇಶ ಹುಟ್ಟಿತು. ಅದರ ನಕ್ಷೆ ಹಾಕಿದ ಜಾನ್ ಬ್ಲಾಕಿಸ್ಟನ್ ಕೂಡ ಮದ್ರಾಸ್ ಎಂಜಿನಿಯರ್ಸ್‌ನ ಅಧಿಕಾರಿಯೇ. 1831ರಲ್ಲಿ ಪಯನಿಯರ್‌ಗಳ ಹೆಸರು ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ (ಕಾಲುವೆ, ಸುರಂಗ ತೋಡುವವರು) ಅಂತಾಯಿತು. 1834ರಲ್ಲಿ ಅವರ ಕೇಂದ್ರ ಬೆಂಗಳೂರಿಗೆ ಬಂತು.  ಹೈದರನ ಹೆದರಿಕೆಗೆ ಹುಟ್ಟಿದ ಪಲಟಣ ಹೈದರನದೇ ಊರಲ್ಲಿ ಸಂಸಾರ ಹೂಡಿತು ಅನ್ನಿ.

ಹೆಸರಿನ ವಿಷಯ: ಆಗ ಮದ್ರಾಸ್ ಅಂದರೆ ಊರಲ್ಲ, ಇಡೀ ಪ್ರೆಸಿಡೆನ್ಸಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮೂರು ಇತ್ತು, ಬಂಗಾಳದ್ದು, ಬಾಂಬೆಯದ್ದು, ಮದ್ರಾಸಿನದ್ದು. ಮೂರಕ್ಕೂ ಅದರದರ ಸ್ಯಾಪರ್‌ಗಳು. ತಮಾಷೆ ನೋಡಿ, ಬಂಗಾಳದವರು ಇರೋದು ರೂರ್ಕಿಯಲ್ಲಿ, ಬಾಂಬೆಯವರು ಪುಣೆಯ ಖಡ್ಕಿಯಲ್ಲಿ, ಮದ್ರಾಸಿನವರು ಬೆಂಗಳೂರಲ್ಲಿ. ಒಬ್ಬರೂ ಹೆಸರಿನ ಊರಲ್ಲಿಲ್ಲ.

ಪ್ರಶ್ನೆ: ಟಿಪ್ಪುವಿನ ಕೋಟೆ ಒಡೆದವರ ಪಲಟಣದಲ್ಲಿ ಕನ್ನಡಿಗರಾಗಿ ಸೇವೆ ಮಾಡಿದ್ದೀರಿ. ಏನೂ ಅನ್ನಿಸಲಿಲ್ಲವೇ?
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಅನ್ನಿಸಿತು ಮೇಷ್ಟ್ರೇ, ಸ್ವಲ್ಪ ತಡವಾಗಿ. ರಂಗರೂಟಾಗಿದ್ದಾಗ ಉಸ್ತಾದರು, ಅಂದರೆ ತರಬೇತಿ ಕೊಡುವವರು, ಪಲಟಣದ ಯುದ್ಧ ಗೌರವಗಳ (ಹೋರಾಡಿದ ಕಾಳಗಗಳಿಗೆ ಸಿಕ್ಕ ಮನ್ನಣೆ) ಪಟ್ಟಿ ಓದಿಸುತ್ತಿದ್ದರು. ಶೋಲಿಂಗೂರ್, ಸೆರಿಂಗಪಟಂ, ಅಸ್ಸಾಯೆ. ಗಿಳಿ ಥರ ಒಪ್ಪಿಸಿದೆ. ಸೆರಿಂಗಪಟಂ ಅಂದರೆ ಯಾವುದೋ ದೂರದ ದೇಶ ಅಂತ ಎರಡು ವಾರ ಅಂದುಕೊಂಡಿದ್ದೆ. ಚನ್ನಪಟ್ಟಣದ ಕಡೆಯ ಹಳ್ಳಿ ಹುಡುಗ, ಅಜ್ಜಿಯ ಅಸ್ಥಿ ಬಿಡೋಕೆ ಅಪ್ಪನ ಜೊತೆ ಪಶ್ಚಿಮವಾಹಿನಿಗೆ ಹೋಗಿ ಬಂದವನು. ಅದೇ ಶ್ರೀರಂಗಪಟ್ಟಣ ಇದು ಅಂತ ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿನ ಕೋಟೆಯೂ ಅಷ್ಟೇ. ಕೆ.ಆರ್. ಮಾರುಕಟ್ಟೆ ಪಕ್ಕ ಉಳಿದಿರುವ ಕೋಟೆ ಗೋಡೆಯಲ್ಲಿ ಒಂದು ಕಲ್ಲು ಫಲಕ ಇದೆ. 1791ರ ಮಾರ್ಚ್ 21ರಂದು ಇಲ್ಲಿಂದಲೇ ಬ್ರಿಟಿಷರು ಒಳಗೆ ನುಗ್ಗಿದರು ಅಂತ ಕೆತ್ತಿದ್ದಾರೆ. ಆ ದಂಡಿನಲ್ಲಿ ನಮ್ಮ ಪಯನಿಯರ್‌ಗಳೂ ಇದ್ದರು. ಮುಚ್ಚಿಡೋದು ಏನಿದೆ? ಹಾಗಂತ ಮಣ್ಣು ತೋಡಿದವರು ಇಂಗ್ಲೆಂಡಿನಿಂದ ಬಂದವರಲ್ಲ. ಸಂಬಳಕ್ಕೆ ಸೇರಿದ ತಮಿಳು, ತೆಲುಗು ಹಳ್ಳಿಗಳ ಬಡವರು. ಇನ್ನೊಂದು ವಿಷಯ, ಭಾರತದ ಅರಸರ ವಿರುದ್ಧ ಬಂದ ಇಂಥ ಗೌರವಗಳನ್ನು ಸ್ವತಂತ್ರ ಭಾರತದ ಸೇನೆ ಹಬ್ಬವಾಗಿ ಆಚರಿಸುವುದಿಲ್ಲ. ದಾಖಲೆಯಲ್ಲಿವೆ, ಸಂಭ್ರಮ ಇಲ್ಲ. ಅದು ಸರಿಯಾದ ದಾರಿ ಅಂತಲೇ ನನ್ನ ಲೆಕ್ಕ.

ಪ್ರಶ್ನೆ: ನಮ್ಮ ಮಾವ ಸೈನ್ಯದಲ್ಲಿ ಸ್ಯಾಪರ್ ಅಂತೆ. ಸ್ಯಾಪರ್ ಅಂದರೆ ಸಿಪಾಯಿಗಿಂತ ದೊಡ್ಡ ಹುದ್ದೆಯಾ?
– 8ನೇ ತರಗತಿ ವಿದ್ಯಾರ್ಥಿ, ಶಿರಸಿ

ಉತ್ತರ: ಇಲ್ಲಪ್ಪ, ಅಷ್ಟೇ ಹುದ್ದೆ. ಕಾಲಾಳು ಪಡೆಯಲ್ಲಿ ಸಿಪಾಯಿ, ಫಿರಂಗಿ ಪಡೆಯಲ್ಲಿ ಗನ್ನರ್, ಎಂಜಿನಿಯರ್ ಪಡೆಯಲ್ಲಿ ಸ್ಯಾಪರ್. ಪದ ಫ್ರೆಂಚಿನದು. ಹಿಂದೆ ಕೋಟೆ ಹಿಡಿಯೋಕೆ ನೇರ ಓಡಿದರೆ ಮೇಲಿಂದ ಗುಂಡು ಬೀಳುತ್ತಿತ್ತು. ಅದಕ್ಕೆ ಹಾವು ಹರಿದ ಹಾಗೆ ಅಂಕುಡೊಂಕಾಗಿ ಕಾಲುವೆ ತೋಡಿಕೊಂಡು ಗೋಡೆ ಹತ್ತಿರ ಹೋಗುತ್ತಿದ್ದರು. ಆ ಕಾಲುವೆಗೆ ಸ್ಯಾಪ್ ಅನ್ನುತ್ತಾರೆ. ತೋಡಿದವನು ಸ್ಯಾಪರ್. ಗೋಡೆಯ ಅಡಿಯಲ್ಲಿ ಸುರಂಗ ಕೊರೆದು ಮದ್ದು ಇಟ್ಟವನು ಮೈನರ್. ಆದರೆ ಮಾವ ರಜೆಗೆ ಬಂದಾಗ ಅವರನ್ನ ಸ್ಯಾಪರ್ ಅನ್ನಬೇಡ, ತಂಬಿ ಅನ್ನು. ಎಂಇಜಿಯವರಾಗಿದ್ದರೆ ನಗುತ್ತಾರೆ. ತಂಬಿ ಅಂದರೆ ತಮಿಳಿನಲ್ಲಿ ತಮ್ಮ. ಇಡೀ ಸೈನ್ಯದಲ್ಲಿ ನಮ್ಮನ್ನ ಕರೆಯೋದೇ ಹಾಗೆ, ಕನ್ನಡದವನಿರಲಿ, ಮಲಯಾಳಿ ಇರಲಿ.

ಪ್ರಶ್ನೆ: ಹಲಸೂರು ಕೆರೆ ಪಕ್ಕದ ಮೀನಿ ಅವೆನ್ಯೂ ರಸ್ತೆಗೆ ಆ ಹೆಸರು ಕೆರೆಯ ಮೀನಿನಿಂದ ಬಂತು ಅಂತ ನಾನು ಪ್ಯಾಸೆಂಜರ್‌ಗಳಿಗೆ ಹೇಳುತ್ತಿದ್ದೆ. ಒಬ್ಬರು ಅಲ್ಲ ಅಂದರು. ಯಾರು ಸರಿ?
– ಆಟೊ ಚಾಲಕರು, ಹಲಸೂರು

ಉತ್ತರ: ನಿಮ್ಮ ಕಥೆಯೇ ಚೆನ್ನಾಗಿದೆ, ಆದರೆ ಆ ಪ್ಯಾಸೆಂಜರ್ ಸರಿ. ಮಿಯಾನಿ ಅನ್ನೋದು ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಒಂದು ಜಾಗ. 1843ರ ಫೆಬ್ರುವರಿ 17ರಂದು ಅಲ್ಲಿ ಸಿಂಧ್‌ನ ಅಮೀರರಿಗೂ ಕಂಪನಿಗೂ ಯುದ್ಧ ಆಯಿತು. ಮದ್ರಾಸ್ ಸ್ಯಾಪರ್‌ಗಳ ಒಂದು ತುಕಡಿ ಅದರಲ್ಲಿತ್ತು. ಅದರ ನೆನಪಿಗೆ ಕೆರೆ ದಂಡೆಯ ಸೈನಿಕರ ವಸತಿಗೆ ಮಿಯಾನಿ ಲೈನ್ಸ್ ಅಂತ ಹೆಸರಾಯಿತು. ರಸ್ತೆಗೂ ಅದೇ. ಇಂಗ್ಲಿಷರ ಬಾಯಲ್ಲಿ ಮಿಯಾನಿ, ನಮ್ಮ ಬೋರ್ಡಿನಲ್ಲಿ ಮೀನಿ.

ಅಲ್ಲೇ ಹತ್ತಿರದ ಅಸ್ಸಾಯೆ ರಸ್ತೆ ಕೂಡ ಯುದ್ಧದ ಹೆಸರೇ. 1803ರಲ್ಲಿ ಮಹಾರಾಷ್ಟ್ರದ ಜಾಲ್ನಾ ಕಡೆ ನಡೆದದ್ದು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಆರ್ಟಿಲರಿ ರಸ್ತೆ ಬಗ್ಗೆ ಹೇಳೋದೇ ಬೇಡ. ಕ್ಯಾವಲ್ರಿ ರಸ್ತೆ ಈಗ ಕಾಮರಾಜ ರಸ್ತೆ ಆಗಿದೆ. ಸೌತ್ ಪರೇಡ್ ಎಂ.ಜಿ. ರಸ್ತೆ ಆಗಿದೆ. ನೀವು ದಿನಾ ಮೀಟರ್ ಹಾಕಿಕೊಂಡು ಓಡಾಡೋದು ಒಂದು ಹಳೇ ಸೈನ್ಯದ ಅಂಗಳದಲ್ಲೇ.

ಪ್ರಶ್ನೆ: ನನ್ನ ಮಗ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ಬೆಂಗಳೂರು ಎಂಇಜಿಗೆ ಹೋಗಬೇಕಂತೆ. ಮನೇಲಿ ಒಂದು ಲೋಟ ತೊಳೆದವನಲ್ಲ. ಅಲ್ಲಿ ಏನು ಮಾಡಿಸುತ್ತಾರೆ? ಹೊಡೀತಾರಾ?
– ತಾಯಿ, ಹಾವೇರಿ ಜಿಲ್ಲೆ

ಉತ್ತರ: ತಂಗಿ, ಲೋಟ ತೊಳೆಯೋದು ಮೊದಲನೇ ದಿನವೇ ಕಲಿಯುತ್ತಾನೆ. ತನ್ನ ಲೋಟ, ತಟ್ಟೆ, ತನ್ನ ಹಾಸಿಗೆ, ತನ್ನ ಬೂಟು. ನಾನು ಹೋದದ್ದು 1981ರಲ್ಲಿ. ಈಗ ಎಷ್ಟೋ ಬದಲಾಗಿದೆ, ಆದರೆ ಬೆಳಕು ಹರಿಯೋ ಮುಂಚೆ ಸೀಟಿ ಊದೋದು ಬದಲಾಗಿರಲಿಕ್ಕಿಲ್ಲ.

ಮೊದಲು ಎಲ್ಲ ಸೈನಿಕರ ಹಾಗೇ: ಪಿ.ಟಿ., ಡ್ರಿಲ್, ರೈಫಲ್. ಆಮೇಲೆ ಫೀಲ್ಡ್ ಎಂಜಿನಿಯರಿಂಗ್. ಅಂದರೆ ಕಂದಕ, ಸೇತುವೆ, ಮೈನು (ನೆಲದಲ್ಲಿ ಹೂಳುವ ಬಾಂಬು), ಸ್ಫೋಟಕ, ದೋಣಿ, ಹಗ್ಗದ ಗಂಟು. ಅದಾದ ಮೇಲೆ ಒಂದು ಕಸುಬು. ಬಡಗಿ, ಗಾರೆ, ವೆಲ್ಡಿಂಗ್, ಎಲೆಕ್ಟ್ರಿಷಿಯನ್, ಪ್ಲಂಬರ್, ಡ್ರೈವರ್, ಹೀಗೆ. ನಾನು ಬಡಗಿ ಆದೆ. ನಿವೃತ್ತಿಯಾದ ಮೇಲೆ ಮನೆಯ ಬಾಗಿಲು, ಕಿಟಕಿ ನಾನೇ ಮಾಡಿಕೊಂಡೆ. ನಮ್ಮ ಮನೆಯವರು ಇವತ್ತಿಗೂ ಅಡುಗೆಮನೆ ಬಾಗಿಲು ಸರಿಯಾಗಿ ಮುಚ್ಚಲ್ಲ ಅಂತಾರೆ. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಅದು ನನ್ನ ತಪ್ಪಾ?

ನನ್ನ ಮೊದಲ ಕಂದಕದ ಕಥೆ ಹೇಳುತ್ತೇನೆ, ನಿಮ್ಮ ಮಗನಿಗೂ ಓದಿ ಹೇಳಿ. ಊರಲ್ಲಿ ಅಪ್ಪನ ಜೊತೆ ಬಾವಿ ತೋಡಿದವನು ನಾನು. ಗೈಂತಿ, ಬೇಲ್ಚಾ ಕೊಟ್ಟಾಗ ಒಳಗೊಳಗೇ ನಕ್ಕೆ. ಗೈಂತಿ ಅಂದರೆ ಪಿಕಾಸಿ, ಬೇಲ್ಚಾ ಅಂದರೆ ಸಲಿಕೆ. ಇಡೀ ಸೈನ್ಯ ಇದೇ ಹೆಸರಲ್ಲಿ ಕರೆಯುತ್ತೆ. ಪಕ್ಕದಲ್ಲಿ ಎರ್ನಾಕುಲಂ ಪೇಟೆ ಹುಡುಗ, ಅವನ ಕೈಯಲ್ಲಿ ಆಗಲೇ ಬೊಬ್ಬೆ ಎದ್ದಿದ್ದವು. ನಾನು ಅರ್ಧ ಹೊತ್ತಿಗೆ ಮುಗಿಸಿ ದಂಡೆ ಮೇಲೆ ಕೂತೆ. ಉಸ್ತಾದರು ಬಂದರು. ಅವರ ಕೈಯಲ್ಲಿ ಒಂದು ಅಳತೆ ಕೋಲು. ಮೂರು ಕಡೆ ಇಟ್ಟು ನೋಡಿದರು. ಒಂದು ಕಡೆ ನಾಲ್ಕು ಬೆರಳು ಆಳ ಕಮ್ಮಿ. ಅಗೆದ ಮಣ್ಣನ್ನು ಅಂಚಿಗೆ ಹತ್ತಿರವೇ ರಾಶಿ ಹಾಕಿದ್ದೆ, ಅದು ಜಾರಿ ಒಳಗೆ ಬೀಳುತ್ತಿತ್ತು. ಬೈಯಲಿಲ್ಲ. 'ಮುಚ್ಚು' ಅಂದರು. ಪೂರ್ತಿ ಮುಚ್ಚಿದೆ. 'ಈಗ ತೋಡು' ಅಂದರು. ಎರಡನೇ ಸಲ ತೋಡುವಾಗ ಮಣ್ಣು ಸಡಿಲವಾಗಿರುತ್ತೆ, ಗೋಡೆ ನಿಲ್ಲಲ್ಲ. ಕಷ್ಟ ಜಾಸ್ತಿ. ನಾನು ಮುಗಿಸುವ ಹೊತ್ತಿಗೆ ಆ ಎರ್ನಾಕುಲಂ ಹುಡುಗ ಸ್ನಾನ ಮಾಡಿ ಲಂಗರಿನಲ್ಲಿ (ಸೈನ್ಯದ ಅಡುಗೆಮನೆ) ಊಟದ ಸಾಲಿಗೆ ನಿಂತಿದ್ದ.

ಭಾಷೆಯ ಚಿಂತೆ ಬೇಡ. ಆದೇಶ ಹಿಂದಿಯಲ್ಲಿ. ಬ್ಯಾರಕ್ಕಿನಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳ ಎಲ್ಲ ಕಲಸಿದ ಒಂದು ಚಿತ್ರಾನ್ನ. ಆರು ತಿಂಗಳಲ್ಲಿ ನಾಲ್ಕೂ ಭಾಷೆಯಲ್ಲಿ ಬೈಯೋದು ಬರುತ್ತೆ, ಅದನ್ನ ಮಾತ್ರ ಮನೇಲಿ ಆಡದ ಹಾಗೆ ನೋಡಿಕೊಳ್ಳಿ. ಕೊನೆಗೆ ಕಸಮ್ ಪರೇಡ್. ಅವರವರ ಧರ್ಮಗ್ರಂಥದ ಎದುರು ಪ್ರಮಾಣ ಮಾಡುತ್ತಾರೆ. ಆ ದಿನ ಹೋಗೋಕೆ ಆದರೆ ಹೋಗಿ ಬನ್ನಿ. ಮಗನ ನಡಿಗೆಯೇ ಬೇರೆ ಆಗಿರುತ್ತೆ.

ಹೊಡೀತಾರಾ ಅಂದಿರಿ. ಹೊಡೆಯುವಂತಿಲ್ಲ. ರಗಡಾ ಇರುತ್ತೆ. ಅಂದರೆ ಓಡಿಸೋದು, ಉರುಳಿಸೋದು. ಅದರಿಂದ ಯಾರೂ ಸಾಯಲ್ಲ ಅಂತ ನಮ್ಮ ಕಾಲದಲ್ಲಿ ಹೇಳುತ್ತಿದ್ದರು. ಆ ಮಾತು ನನಗೆ ಈಗ ಅಷ್ಟು ಹಿಡಿಸಲ್ಲ. ಮಗನಿಗೆ ಜ್ವರವೋ ಕಾಲು ನೋವೋ ಬಂದರೆ ಮುಚ್ಚಿಟ್ಟುಕೊಳ್ಳದೆ ಹೇಳು ಅಂತ ಕಳಿಸಿಕೊಡಿ. ಹಳ್ಳಿ ಹುಡುಗರು ಹೇಳೋದೇ ಇಲ್ಲ. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ 25ರವರೆಗೆ ಮಾತ್ರ ಉಳಿಸಿಕೊಳ್ಳುವುದು ಈ ಅಗ್ನಿಪಥದ ನಿಯಮ, 2022ರಲ್ಲಿ ಬಂದದ್ದು. ಅದು ಒಳ್ಳೆಯದಾ ಕೆಟ್ಟದ್ದಾ ಅಂತ ಬೇರೆ ಪತ್ರ ಬರೆಯಿರಿ, ಬೇರೆ ದಿನ ಮಾತಾಡೋಣ. ಈಗ ಹೇಳೋದು ಇಷ್ಟೇ: ಕಸುಬು ಆರಿಸೋ ಅವಕಾಶ ಸಿಕ್ಕರೆ ಹೊರಗೆ ಬಂದ ಮೇಲೂ ಅನ್ನ ಕೊಡೋದನ್ನ ಕೇಳಿಕೊಳ್ಳಲಿ.

ಪ್ರಶ್ನೆ: ವಯನಾಡಿನಲ್ಲಿ ಭೂಕುಸಿತ ಆದಾಗ ಬೆಂಗಳೂರಿನ ಸೈನಿಕರು ಒಂದೇ ದಿನದಲ್ಲಿ ಸೇತುವೆ ಕಟ್ಟಿದರು ಅಂತ ಟಿವಿಯಲ್ಲಿ ನೋಡಿದೆ. ನಮ್ಮೂರ ಹಳ್ಳಕ್ಕೆ ಸೇತುವೆ ಮಾಡೋಕೆ ಆರು ವರ್ಷ ಆಯಿತು. ಅವರು ಹೇಗೆ ಮಾಡಿದರು?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಹೌದು, ಅವರು ಎಂಇಜಿಯವರೇ. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿಯಿತು. ಚೂರಲ್‌ಮಲೆಯಿಂದ ಮುಂಡಕ್ಕೈಗೆ ಹೋಗುವ ಸೇತುವೆ ಕೊಚ್ಚಿ ಹೋಯಿತು. ಆಗಸ್ಟ್ 1ರ ಸಂಜೆ ಹೊಸ ಸೇತುವೆ ಮೇಲೆ ಸೈನ್ಯದ ಗಾಡಿ ದಾಟಿತು. ಉದ್ದ 190 ಅಡಿ, 24 ಟನ್ ಭಾರ ತಡೆಯುವಂಥದ್ದು. ಮೇಜರ್ ಸೀತಾ ಶೆಳ್ಕೆ ಮುಂದೆ ನಿಂತು ಮಾಡಿಸಿದರು. ಟಿವಿಯಲ್ಲಿ ಅವರು ಕಬ್ಬಿಣದ ಕಟಕಟೆ ಮೇಲೆ ನಿಂತಿದ್ದನ್ನು ನೋಡಿ ಟೀ ಆರಿಹೋಗುವವರೆಗೆ ಕೂತಿದ್ದೆ.

ಇದು ಬೈಲಿ ಸೇತುವೆ. ಎರಡನೇ ಬೈಲಿ ಬರುತ್ತಾನೆ ಅಂದಿದ್ದೆನಲ್ಲ, ಇವನೇ. ಡೊನಾಲ್ಡ್ ಬೈಲಿ, ಎರಡನೇ ಮಹಾಯುದ್ಧದ ಕಾಲದ ಇಂಗ್ಲಿಷ್ ಎಂಜಿನಿಯರ್. ಅವನ ಬುದ್ಧಿವಂತಿಕೆ ಇರೋದು ಒಂದೇ ತುಂಡಿನಲ್ಲಿ, ಅದರ ಹೆಸರು ಪ್ಯಾನಲ್. ಹತ್ತು ಅಡಿ ಉದ್ದ, ಐದು ಅಡಿ ಎತ್ತರದ ಉಕ್ಕಿನ ಚೌಕಟ್ಟು. ತೂಕ ಹೆಚ್ಚೂ ಕಮ್ಮಿ 260 ಕೆ.ಜಿ. ಆರು ಜನ ಹೊರುತ್ತಾರೆ. ಕ್ರೇನ್ ಬೇಡ. ಮಾಮೂಲಿ ಲಾರಿಯಲ್ಲಿ ಬರುತ್ತೆ. ಒಂದಕ್ಕೊಂದು ಜೋಡಿಸಿ ಪಿನ್ ಬಡಿದರೆ ಹತ್ತು ಅಡಿ ಮುಂದೆ ಹೋದ ಹಾಗೆ. 190 ಅಡಿ ಅಂದರೆ ಹತ್ತು ಅಡಿಯ ಅಂಥ 19 ಭಾಗ.

ಹೊಳೆ ಮೇಲೆ ಹೇಗೆ ಇಡೋದು ಅಂತ ಕೇಳುತ್ತೀರಿ. ಹೊಳೆಗೆ ಇಳಿಯೋದೇ ಇಲ್ಲ. ಸೇತುವೆಯನ್ನು ಈಚೆ ದಡದಲ್ಲೇ ರೋಲರ್ ಮೇಲೆ ಕಟ್ಟುತ್ತಾರೆ. ಕಟ್ಟಿದಷ್ಟು ಮುಂದಕ್ಕೆ ತಳ್ಳುತ್ತಾರೆ. ತುದಿ ಗಾಳಿಯಲ್ಲಿ ಚಾಚಿಕೊಳ್ಳುತ್ತೆ. ಮುಗ್ಗರಿಸಬಾರದಲ್ಲ? ಅದಕ್ಕೆ ಮುಂದುಗಡೆ ಹಲಗೆ ಇಲ್ಲದ ಹಗುರ ಮೂಗು ಒಂದು ಇರುತ್ತೆ. ಹಿಂದುಗಡೆ ಭಾರ ಜಾಸ್ತಿ ಇಡುತ್ತಾರೆ. ಆ ಮೂಗು ಆಚೆ ದಡದ ರೋಲರ್ ಮುಟ್ಟಿದ ಮೇಲೆ ಉಸಿರು ಬಿಡಬಹುದು. ಆಮೇಲೆ ಮೂಗನ್ನು ಬಿಚ್ಚಿಹಾಕೋದು, ಹಲಗೆ ಹಾಸೋದು. ನೋಡೋಕೆ ಆನೆ ಸೊಂಡಿಲು ಚಾಚಿ ಆಚೆ ದಂಡೆ ಮೂಸಿದ ಹಾಗಿರುತ್ತೆ. ಅಳತೆ, ಜಾಗ, ಹೊಳೆಯ ಪಾತ್ರ ನೋಡಿಕೊಂಡು ವಿಧಾನ ಸ್ವಲ್ಪ ಆಚೀಚೆ ಆಗಬಹುದು, ಮೂಲ ಇದೇ.

ಪ್ಯಾನಲ್ ಜೋಡಿಸುವಾಗ ತೂತಿಗೆ ತೂತು ಕೂಡಬೇಕು, ಆಗಲೇ ಪಿನ್ ಒಳಗೆ ಹೋಗೋದು. ಕೂಡಿದೆಯಾ ಅಂತ ನೋಡೋಕೆ ಬೆರಳು ತೂರಿಸಬಾರದು, ಮೊದಲ ಪಾಠವೇ ಅದು. ನಾನು ತೂರಿಸಿದೆ. ಆಚೆ ಕಡೆ ಹೊತ್ತವರು ಅರ್ಧ ಇಂಚು ಕದಲಿಸಿದರು ಅಷ್ಟೇ. ಎಡಗೈ ಉಂಗುರ ಬೆರಳಿನ ಉಗುರು ಇವತ್ತಿಗೂ ಅಡ್ಡಕ್ಕೆ ಬೆಳೆಯುತ್ತೆ. ತಪ್ಪು ನಂದೇ.

ನಿಮ್ಮೂರ ಸೇತುವೆ ವಿಷಯ. ಹೋಲಿಕೆ ಮಾಡಬೇಡಿ ಅಂತಲೇ ಹೇಳಬೇಕು. ಬೈಲಿ ಸೇತುವೆ ತುರ್ತಿಗೆ, ನಿಮ್ಮದು ಐವತ್ತು ವರ್ಷ ನಿಲ್ಲಬೇಕಾದದ್ದು. ಆದರೂ ಆರು ವರ್ಷ ಅಂದರೆ ಜಾಸ್ತಿಯೇ ಆಯಿತು.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮೊಮ್ಮಗ ವಿಡಿಯೊ ಗೇಮಿನಲ್ಲಿ 'ಬ್ಯಾಂಗಲೋರ್ ಟಾರ್ಪಿಡೊ' ಹಾರಿಸುತ್ತಾನೆ. ನಮ್ಮ ಬೆಂಗಳೂರಿಗೂ ಅದಕ್ಕೂ ಸಂಬಂಧ ಉಂಟಾ? ಇಲ್ಲಿ ಸಮುದ್ರವೇ ಇಲ್ಲವಲ್ಲ.
– ಅಜ್ಜಿ, ಜಯನಗರ

ಉತ್ತರ: ಉಂಟು ಅಮ್ಮ, ಪೂರ್ತಿ ನಮ್ಮ ಊರಿನದೇ. ಸಮುದ್ರದ ಟಾರ್ಪಿಡೊ ಅಲ್ಲ ಇದು. 1912ರಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಬೆಂಗಳೂರಿನಲ್ಲಿದ್ದಾಗ ಮಾಡಿದ್ದು. ಮುಳ್ಳುತಂತಿಯ ಬೇಲಿ ಹತ್ತಿರ ನಿಂತು ಕತ್ತರಿಸೋಕೆ ಹೋದರೆ ಗುಂಡು ಬೀಳುತ್ತೆ. ಅದಕ್ಕೆ ಅವನು ಕೊಳವೆಯಲ್ಲಿ ಸ್ಫೋಟಕ ತುಂಬಿದ. ಐದೈದು ಅಡಿಯ ಕೊಳವೆಗಳು. ಒಲೆ ಊದುವ ಕೊಳವೆ ನೆನೆಸಿಕೊಳ್ಳಿ, ಸ್ವಲ್ಪ ದಪ್ಪ. ಒಂದರ ಹಿಂದೆ ಒಂದನ್ನ ಸಿಕ್ಕಿಸಿ, ಮರೆಯಲ್ಲಿ ಮಲಗಿಕೊಂಡೇ ಬೇಲಿ ಅಡಿಗೆ ತಳ್ಳುತ್ತಾ ಹೋಗಬೇಕು. ತುದಿಯಲ್ಲಿ ಮೊಂಡು ಟೊಪ್ಪಿ ಇರುತ್ತೆ, ಕಲ್ಲಿಗೆ ಮುಳ್ಳಿಗೆ ಸಿಕ್ಕಿಕೊಳ್ಳದ ಹಾಗೆ. ಸಿಡಿಸಿದರೆ ಬೇಲಿ ಹರಿದು ಒಬ್ಬ ಮನುಷ್ಯ ನುಗ್ಗುವಷ್ಟು ದಾರಿ ಆಗುತ್ತೆ.

1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲ ದಂಡೆಯಲ್ಲಿ ಅಮೆರಿಕನ್ನರು ಮುಳ್ಳುತಂತಿ ಒಡೆದದ್ದು ಇದರಿಂದಲೇ. ಮೊಮ್ಮಗ ಆಡೋ ಆಟ ಅದೇ ಇರಬೇಕು. 2014ರಲ್ಲಿ ಊರಿನ ಹೆಸರು ಬೆಂಗಳೂರು ಅಂತ ಬದಲಾಯಿತು. ಟಾರ್ಪಿಡೊ ಮಾತ್ರ ಬ್ಯಾಂಗಲೋರ್ ಆಗೇ ಉಳಿಯಿತು. ತರಬೇತಿಯಲ್ಲಿ ನಾವು ಟಾರ್ಪಿಡೊ ಅನ್ನೋದನ್ನೂ ಬಿಟ್ಟು 'ಬ್ಯಾಂಗಲೋರ್ ತಗೊಂಡು ಬಾ' ಅಂತಿದ್ದೆವು. ಬೆಂಗಳೂರಿನವನಿಗೇ ಬ್ಯಾಂಗಲೋರ್ ಹೊರಿಸುತ್ತಿದ್ದರು.

ಪ್ರಶ್ನೆ: ನಿಮ್ಮ ಪಲಟಣದಲ್ಲಿ ಯಾರಿಗಾದರೂ ಪರಮವೀರ ಚಕ್ರ ಬಂದಿದೆಯೇ?
– ಓದುಗರು, ಕಾರವಾರ

ಉತ್ತರ: ಈ ಪ್ರಶ್ನೆ ಕಾರವಾರದಿಂದ ಬಂದದ್ದು ನೋಡಿ ಖುಷಿಯಾಯಿತು. ಎಂಜಿನಿಯರ್ ಪಡೆಗೆ ಪರಮವೀರ ಚಕ್ರ ತಂದವರು ನಿಮ್ಮ ತಾಲ್ಲೂಕಿನ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ. ಕಾರವಾರದಲ್ಲಿ ಅವರ ಪ್ರತಿಮೆ ಇದೆಯಲ್ಲ. ಆದರೆ ಅವರು ಬಾಂಬೆ ಸ್ಯಾಪರ್. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಮೈನು ತೆಗೆಯುತ್ತಾ, ಉರುಳಿಸಿದ ಮರ ಸಿಡಿಸುತ್ತಾ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಗುಂಡು ಜೋರಾದಾಗ ಟ್ಯಾಂಕಿನ ಅಡಿಯಲ್ಲೇ ತೆವಳಿಕೊಂಡು, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತಾ ಮುಂದೆ ಹೋದರು.

ನಮ್ಮ ಮದ್ರಾಸ್ ಸ್ಯಾಪರ್‌ಗಳಿಗೆ ದೊಡ್ಡ ಹೆಸರು ಸುಬೇದಾರ್ ಸುಬ್ರಮಣಿಯನ್. ಚೆಂಗಲ್ಪಟ್ಟು ಕಡೆಯವರು. 1944ರ ಫೆಬ್ರುವರಿ 24ರಂದು ಇಟಲಿಯ ಮಿನ್ಯಾನೊ ಹತ್ತಿರ ಮೈನು ಹುಡುಕುತ್ತಿದ್ದರು. ಜೊತೆಯವನ ಕಾಲಡಿ ಒಂದು ಮೈನು ಕ್ಲಿಕ್ ಅಂದಿತು. ಆ ಜಾತಿಯ ಮೈನು ಮೊದಲು ನೆಲದಿಂದ ಮೇಲಕ್ಕೆ ನೆಗೆದು ಆಮೇಲೆ ಸಿಡಿಯುತ್ತೆ. ಕ್ಲಿಕ್ ಅಂದದ್ದರಿಂದ ಸಿಡಿಯುವವರೆಗೆ ನಾಲ್ಕು ಸೆಕೆಂಡು. ಸುಬ್ರಮಣಿಯನ್ ಹಿಂದಕ್ಕೆ ಓಡಲಿಲ್ಲ. ಅದರ ಮೇಲೆ ಬಿದ್ದರು. ಜೊತೆಯವರು ಉಳಿದರು. ಭಾರತೀಯ ಸೈನಿಕನೊಬ್ಬನಿಗೆ ಸಂದ ಮೊದಲ ಜಾರ್ಜ್ ಕ್ರಾಸ್ (ಬ್ರಿಟಿಷರ ದೊಡ್ಡ ಶೌರ್ಯ ಪದಕ) ಅದು. ನಾಲ್ಕು ಸೆಕೆಂಡು ಅಂದರೆ ಎಷ್ಟು ಅಂತ ಉಸ್ತಾದರು ನಮಗೆ ಎಣಿಸಿ ತೋರಿಸಿದ್ದರು. ಒಂದು, ಎರಡು, ಮೂರು, ನಾಲ್ಕು. ಇಡೀ ಕ್ಲಾಸು ಸುಮ್ಮನಾಗಿತ್ತು.

ಪ್ರಶ್ನೆ: ಬೆಂಗಳೂರಿನ ನಡುವೆ ಸೈನ್ಯಕ್ಕೆ ಅಷ್ಟೊಂದು ಜಾಗ ಯಾಕೆ? ಟ್ರಾಫಿಕ್ಕಿನಲ್ಲಿ ನಾವು ಸಾಯುತ್ತಿದ್ದೇವೆ.
– ಐಟಿ ಉದ್ಯೋಗಿ, ಇಂದಿರಾನಗರ

ಉತ್ತರ: ನಡುವೆ ಅಂದಿರಿ. ದಂಡು ಬಂದಾಗ ಅದು ಊರಿನ ಹೊರಗಿತ್ತು ಸ್ವಾಮಿ. ಊರು ಬಂದು ಸುತ್ತುವರಿಯಿತು. ರಸ್ತೆಗೆ ಬೇಕಾದ ಕಡೆ ಮಾತುಕತೆ ಮಾಡಿ ಜಾಗ ಬಿಡೋದರಲ್ಲಿ ತಪ್ಪಿಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಆ ಗೋಡೆಯ ಒಳಗಿರೋ ಮರಗಳನ್ನು ಒಂದು ಸಲ ಹೊರಗಿನಿಂದಲೇ ನೋಡಿ. ಅದು ಯಾರದೋ ಲೇಔಟ್ ಆಗಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಕಳೆ, ಕಸ ತುಂಬಿದ್ದ ಹಲಸೂರು ಕೆರೆಗೆ ಇಳಿದು ತೆಗೆದವರೂ ಈ ಎಂಇಜಿಯವರೇ.

ಪ್ರಶ್ನೆ: ಚರ್ಚಿಲ್ ಕೂಡ ಇಲ್ಲೇ ತರಬೇತಿ ಪಡೆದದ್ದಂತೆ, ನಿಜವೇ?
– ಓದುಗರು, ತುಮಕೂರು

ಉತ್ತರ: ಅಲ್ಲ. ಅವನು ಕುದುರೆ ಪಡೆಯವನು, ನಾಲ್ಕನೇ ಹುಸಾರ್ಸ್. 1896ರಲ್ಲಿ ಬೆಂಗಳೂರಿಗೆ ಬಂದ. ಪೋಲೊ ಆಡಿದ, ಪುಸ್ತಕ ಓದಿದ, ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ. ಗುದ್ದಲಿ ಹಿಡಿದ ದಾಖಲೆ ಇಲ್ಲ.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಹೋಗಿ ಎಂಇಜಿ ಒಳಗೆ ನೋಡಬಹುದೇ?
– ಶಿಕ್ಷಕಿ, ಕನಕಪುರ

ಉತ್ತರ: ಒಳಗೆ ಒಂದು ಒಳ್ಳೆಯ ಮ್ಯೂಸಿಯಂ ಇದೆ ಟೀಚರ್. ಆದರೆ ತರಬೇತಿ ನಡೆಯುವ ಜಾಗ, ಉದ್ಯಾನವನ ಅಲ್ಲ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಮುಂಚೆಯೇ ಪತ್ರ ಬರೆದು ಅನುಮತಿ ತೆಗೆದುಕೊಳ್ಳಿ. ಮಕ್ಕಳ ಪಟ್ಟಿ, ಗುರುತಿನ ಚೀಟಿ ಜೊತೆಗಿರಲಿ. ಗೇಟಿನ ಹತ್ತಿರ ಫೋಟೊ ತೆಗೆಯೋದು ಬೇಡ, ಸೆಂಟ್ರಿ ಸುಮ್ನೆ ಬಿಡಲ್ಲ. ಅನುಮತಿ ಸಿಗದಿದ್ದರೂ ಬೇಜಾರಾಗಬೇಡಿ. ಕೆಂಪೇಗೌಡ ಬಸ್ ನಿಲ್ದಾಣದಿಂದ ಹಲಸೂರು ಬಸ್ ಹತ್ತಿ, ಸೋಮೇಶ್ವರ ದೇವಸ್ಥಾನ ತೋರಿಸಿ, ಅಲ್ಲಿಂದ ಕೆರೆ ಹತ್ತಿರ ನಡೆಸಿ. ಮೀನಿ ಅವೆನ್ಯೂ ಬೋರ್ಡ್ ಕಂಡಾಗ ಇದು ಯಾವ ಮೀನು ಅಂತ ಕೇಳಿ.

ಬೆಳಗಾವಿಯ ಮರಾಠಾ ರೆಜಿಮೆಂಟ್ ಸೆಂಟರ್ ಬಗ್ಗೆ ಮೂರು ಪತ್ರ ಬಂದಿವೆ, ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಪಿಂಚಣಿ ಪ್ರಶ್ನೆಗಳೂ ಅದರಲ್ಲೇ. ಪತ್ರ ಬರೆಯುವವರು ಊರಿನ ಜೊತೆ ತಾಲ್ಲೂಕನ್ನೂ ಬರೆಯಿರಿ, ಹೊಸಹಳ್ಳಿ ಅಂತ ಮೂವರು ಬರೆದಿದ್ದಾರೆ. ಯಾವ ಹೊಸಹಳ್ಳಿ ಅಂತ ನನಗೆ ತಿಳಿಯುತ್ತಿಲ್ಲ.